ಊರ ಮಗ್ಗ ಉಳಿಸಿದ ಬಗೆ

ಗಜೇಂದ್ರಗಡದವರು ಗಜೇಂದ್ರಗಡದ ಸೀರೆಯನ್ನೇ ಕೊಂಡರೆ ಗಜೇಂದ್ರಗಡದ ಮಗ್ಗ ಉಳಿಯುತ್ತದೆ. ಐವತ್ತರ ದಶಕದಲ್ಲಿ ನಮ್ಮೂರಿನಲ್ಲಿ ಇದನ್ನು ನಂಬದವರು ಯಾರೂ ಇರಲಿಲ್ಲ. ನಾನು ಆಗಷ್ಟೇ ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ, ಬಿ.ಎ. ಮುಗಿಸಿ, ಊರಿನ ಹೈಸ್ಕೂಲಿನಲ್ಲಿ ಮಾಸ್ತರನಾಗಿ ಸೇರಿದ್ದೆ. ಇಡೀ ಊರು ಒಂದೇ ಮಾತನ್ನು ಒಪ್ಪಿಕೊಂಡಾಗ ಅಲ್ಲಿ ನಗೆಗೆ ಬರ ಬೀಳುವುದಿಲ್ಲ. ಅರ್ಥಶಾಸ್ತ್ರ ಇದನ್ನು ಕಲಿಸಿರಲಿಲ್ಲ, ಪೇಟೆ ಕಲಿಸಿತು.

ಒಂದೇ ಭಾವ

ಗದಗ, ರೋಣ, ನರಗುಂದಗಳಲ್ಲಿ ಆಗಲೇ ಅರಿವೆ ಅಂಗಡಿ ತೆರೆದಿದ್ದ ಒಂದು ದೊಡ್ಡ ಮಿಲ್ಲು ನಮ್ಮ ಪೇಟೆಯಲ್ಲೂ ಒಂದು ತೆರೆಯಿತು. ಗಾಜಿನ ಕಪಾಟು, ಗಿರಾಕಿ ಕೂರಲು ಕುರ್ಚಿ, ಎಲ್ಲ ಊರಿನಲ್ಲೂ ಒಂದೇ ಬಣ್ಣದ ಬೋರ್ಡು. ಬೋರ್ಡಿನ ಕೆಳಗೆ ದಪ್ಪ ಅಕ್ಷರದಲ್ಲಿ ‘ಒಂದೇ ಭಾವ’ ಎಂದು ಬರೆಸಿದ್ದರು. ಹೇಳಿದ್ದೇ ದರ, ಚೌಕಾಸಿ ಇಲ್ಲ ಎಂದು ಅರ್ಥ. ಮ್ಯಾನೇಜರ ಮುಂಬಯಿ ಕಡೆಯವನು. ಕನ್ನಡ ಅಷ್ಟಕ್ಕಷ್ಟೆ.

ಸಂತೆಯ ದಿನ ಹಳ್ಳಿಯ ಹೆಂಗಸರು ಗುಂಪಾಗಿ ಬಂದು ಬಾಗಿಲಲ್ಲಿ ನಿಂತರು. ಓದಲು ಬರುತ್ತಿದ್ದ ಒಬ್ಬಳು ಬೋರ್ಡನ್ನು ಗಟ್ಟಿಯಾಗಿ ಓದಿದಳು.

“ಒಂದ ಭಾವಂತ ನೋಡ್ರೆವಾ.”

“ಪುಣ್ಯವಂತರು ಬಿಡ. ನಮ್ಮನ್ಯಾಗ ನಾಕ ಮಂದಿ ಭಾವಗೋಳು ಅದಾರ. ಒಬ್ಬನೂ ದುಡ್ಯಾಂಗಿಲ್ಲ.”

ಮ್ಯಾನೇಜರ ಹೊರಗೆ ಬಂದು ಕೈಮುಗಿದ. “ಬಾಯಿ, ನಮ್ಮಲ್ಲಿ ಭಾವ ಬದಲ್ ಆಗೂದಿಲ್ಲ.”

“ನಮ್ಮಲ್ಲೂ ಆಗೂದಿಲ್ಲೋ ಯಪ್ಪಾ. ಆಗಿದ್ರ ಎಂದೋ ಬದಲ ಮಾಡಿಬಿಡ್ತಿದ್ವಿ.”

ನಗುತ್ತ ಒಳಗೆ ಹೋದರು. ಹೊರಗೆ ಬಂದಾಗ ಎಲ್ಲರ ಕಂಕುಳಲ್ಲೂ ಒಂದೊಂದು ಮಿಲ್ಲಿನ ಸೀರೆ ಇತ್ತು.

ಪ್ರತಿಜ್ಞೆ

ಊರಿನ ಸೀರೆ ವ್ಯಾಪಾರವೆಲ್ಲ ಒಬ್ಬ ಸಾಹುಕಾರನ ಕೈಯಲ್ಲಿತ್ತು. ಅವನು ‘ಮಗ್ಗ ಉಳಿಸುವ ಮಂಡಳಿ’ ಕಟ್ಟಿ ತಾನೇ ಅಧ್ಯಕ್ಷನಾದ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲೆ ಎಂಬ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ.

ಗುಡಿಯ ಮುಂದೆ ಸಭೆ. ನಮ್ಮ ಓಣಿಯ ನೇಕಾರನೊಬ್ಬನನ್ನು ಕರೆತಂದು ವೇದಿಕೆಯ ಮೇಲೆ ಕೂರಿಸಿದರು. ಬಡಕಲು ಮನುಷ್ಯ, ಮಾತಿಗೊಮ್ಮೆ ಕೆಮ್ಮು. ಅವನ ಅಣ್ಣ ಮಗ್ಗ ನಿಂತ ಮೇಲೆ ಸೊಲ್ಲಾಪುರದ ಗಿರಣಿಗೆ ಕೂಲಿಗೆ ಹೋಗಿ, ಎದೆಯ ರೋಗ ಹಚ್ಚಿಕೊಂಡು ಅಲ್ಲೇ ಸತ್ತಿದ್ದ. ಇವನಿಗೆ ಬೇಕಾಗಿದ್ದದ್ದು ಇಷ್ಟೇ: ಮನೆಯ ಮಗ್ಗ ನಿಲ್ಲಬಾರದು, ತಾನು ಸೊಲ್ಲಾಪುರದ ದಾರಿ ಹಿಡಿಯಬಾರದು.

“ಈತನ ಮಗ್ಗ ನಿಂತರ ನಮ್ಮ ಮಾನ ಹೋದ್ಹಂಗ!” ಎಂದು ಸಾಹುಕಾರ ಗುಡುಗಿದ. ಒಂದು ಲಾಳಿಯನ್ನು ಕೈಯಿಂದ ಕೈಗೆ ದಾಟಿಸುತ್ತ ನೆರೆದವರೆಲ್ಲ ಪ್ರತಿಜ್ಞೆ ಮಾಡಿದರು: ‘ಇನ್ನು ಮುಂದೆ ನಮ್ಮೂರ ಮಗ್ಗದ ಸೀರೆ ಬಿಟ್ಟು ಬೇರೆ ಸೀರೆ ಕೊಳ್ಳುವುದಿಲ್ಲ, ಉಡುವುದಿಲ್ಲ.’

ಸಾಹುಕಾರನ ಧೋತರದ ಅಂಚಿನಲ್ಲಿ ಮಿಲ್ಲಿನ ಮುದ್ರೆ ಕಾಣುತ್ತಿತ್ತು. ನಾನು ಕಣ್ಸನ್ನೆ ಮಾಡಿ ತೋರಿಸಿದೆ.

“ನಮ್ಮೂರಾಗ ಧೋತರ ನೇಯೂದಿಲ್ಲಲ್ರಿ ಮಾಸ್ತರ,” ಎಂದ. “ತತ್ವಕ್ಕ ಬಾಧೆ ಇಲ್ಲ.”

ನೇಕಾರ ನನ್ನ ಕಿವಿಯ ಹತ್ತಿರ ಬಗ್ಗಿದ. “ಮಾಸ್ತರ್ರ, ಪ್ರತಿಜ್ಞಾ ಭಾಳ ಚಲೋ ಆತು. ಆದರ ಇಲ್ಲಿ ಬಂದವರೆಲ್ಲಾ ಗಂಡಸರು. ಇವರ್ಯಾರೂ ಸೀರಿ ಉಡೂದಿಲ್ಲಲ್ರಿ?”

ಎರಡು ಕುಣಿ

ಮಗ್ಗ ನೋಡಿ ಪ್ರೋತ್ಸಾಹ ಕೊಡಲೆಂದು ರೋಣದಿಂದ ಒಬ್ಬ ಸರಕಾರಿ ಸಾಹೇಬರನ್ನು ಕರೆಸಿದೆವು. ನಮ್ಮ ಕಡೆಯದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಸಾಹೇಬರು ಇಂಥದ್ದನ್ನು ಮೊದಲ ಸಲ ನೋಡಿದ್ದರು.

“ಮನೆಯೊಳಗೆ ಈ ಕುಣಿ ಏತಕ್ಕೆ?”

“ನಮ್ಮ ಮಂದಿಗೆ ಎರಡ ಕುಣಿ ರೀ ಸಾಹೇಬರ,” ಎಂದ ನೇಕಾರ. “ಒಂದರಾಗ ಬದುಕಿರೂತನಕ ಅರ್ಧ ಇಳೀತೀವಿ. ಇನ್ನೊಂದರಾಗ ಸತ್ತ ಮ್ಯಾಲ ಪೂರ್ತಿ.”

ಸಾಹೇಬರು ನಗಲಿಲ್ಲ. ಮೂಗಿಗೆ ವಸ್ತ್ರ ಹಿಡಿದು ಕುಣಿಯೊಳಗೆ ಇಣುಕಿದರು. ಗಾಳಿಯಿಲ್ಲ, ಬೆಳಕಿಲ್ಲ, ತೇವ ಬೇರೆ. ಆರೋಗ್ಯಕ್ಕೆ ಇದು ಒಳ್ಳೆಯದಲ್ಲ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿ, ನೇಕಾರನ ಕಡೆ ತಿರುಗಿ ಕನ್ನಡದಲ್ಲಿ ಅಪ್ಪಣೆ ಕೊಟ್ಟರು: “ಮೊದಲು ಕುಣಿ ಮುಚ್ಚಿಸು.”

ನೇಕಾರ ಕೈಮುಗಿದು ಕೇಳಿದ: “ಯಾವುದ್ರಿ?”

ರಾಜೂರಿನ ಮುದುಕಿ

ಗಂಡಸರ ಪ್ರತಿಜ್ಞೆಯಿಂದ ಸೀರೆ ಖರ್ಚಾಗಲಿಲ್ಲ. ಹೆಂಗಸರಿಗೇ ತಿಳಿಹೇಳಬೇಕು ಎಂದು ಮಂಡಳಿ ಹಳ್ಳಿ ಹಳ್ಳಿಗೆ ಹೊರಟಿತು. ರಾಜೂರಿನಲ್ಲಿ ಒಂದು ಕಟ್ಟೆಯ ಮೇಲೆ ನಿಂತು ನಾನು ಭಾಷಣ ಮಾಡಿದೆ. ಮಗ್ಗದ ಸೀರೆಯ ಬಾಳಿಕೆ, ಸೆರಗಿನ ಅಂದ, ಊರಿನ ದುಡ್ಡು ಊರಲ್ಲೇ ಉಳಿಯುವ ಬಗೆ, ಎಲ್ಲ ಹೇಳಿದೆ. ಕಟ್ಟೆಯ ಕೆಳಗೆ ಒಬ್ಬ ಮುದುಕಿ ಮಿಲ್ಲಿನ ಸೀರೆ ಉಟ್ಟು ಕೂತಿದ್ದಳು.

“ತಮ್ಮಾ, ನಿಮ್ಮ ಸೀರಿ ಒಗದು ಒಣಾ ಹಾಕಿ ನೋಡಿಯೇನು? ತೊಯ್ದರ ಎಮ್ಮಿ ಕರು ಎತ್ತಿದಂಗ ಆಗತದ.”

“ಆದರ ಯಮ್ಮಾ, ಮುತ್ತೈದಿ ಸತ್ತರ ನೀವ ಮಗ್ಗದ ಸೀರೀನ ಬೇಕಂತೀರಿ. ಮಿಲ್ಲಿಂದು ಹೆಣಕ್ಕ ನಡ್ಯಾಂಗಿಲ್ಲ ಅಂತೀರಿ. ಹೌದಿಲ್ಲೋ?” ಎಂದೆ.

“ಹೌದಪಾ. ಖರೇ.”

“ಮತ್ತ ಬದುಕಿದ್ದಾಗ ಯಾಕ ಬ್ಯಾಡ?”

“ಬದುಕಿದ್ದಾಗ ನಾನ ಹೊರಬೇಕಲ್ಲೋ,” ಎಂದಳು. “ಸತ್ತ ಮ್ಯಾಲ ಹೊರಾಕ ನಾಕ ಮಂದಿ ಇರತಾರ.”

ಸಾಹುಕಾರ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಬೆರಳು ಮಡಿಚಿ ಏನೋ ಲೆಕ್ಕ ಹಾಕುತ್ತಿದ್ದ. ಊರು ಹತ್ತಿರ ಬಂದಾಗ ನಿಟ್ಟುಸಿರು ಬಿಟ್ಟ. “ಈ ವರ್ಷ ಬ್ಯಾನಿ ಕಡಿಮಿ ಆಗ್ಯಾವ್ರಿ ಮಾಸ್ತರ,” ಎಂದ.

ನರಗುಂದದ ತತ್ವ

ನಮ್ಮ ಸೀರೆಯನ್ನು ನರಗುಂದದ ಪೇಟೆಯಲ್ಲಿ ಮಾರಬಹುದೇ ಎಂದು ಕೇಳಲು ಸಾಹುಕಾರನೂ ನಾನೂ ಅಲ್ಲಿಗೆ ಹೋದೆವು. ಅಲ್ಲಿನ ವರ್ತಕರಿಗೂ ಮಿಲ್ಲಿನ ಅಂಗಡಿಯ ಕಾಟ. ಅವರೂ ಒಂದು ಮಂಡಳಿ ಕಟ್ಟಿದ್ದರು. ಅಧ್ಯಕ್ಷನೂ ನಮ್ಮವನಂತೆಯೇ ಅರಿವೆ ವ್ಯಾಪಾರಿ. ಚಹಾ ಕೊಟ್ಟು ನಮ್ಮ ಮಾತನ್ನು ಕಡೆಯತನಕ ಕೇಳಿದ.

“ಊರಿನ ದುಡ್ಡು ಊರಾಗ ಉಳೀಬೇಕು. ನಿಮ್ಮ ಮಾತ ನೂರಕ್ಕ ನೂರ ಖರೇ ಅದ,” ಎಂದ.

“ಹಂಗಾದರ ನಮ್ಮ ಸೀರಿ ತಗೊಂತೀರಿ?”

“ಹ್ಯಾಂಗ ತಗೊಳ್ಳೋದ್ರಿ? ನೀವು ಪರ ಊರವರು.”

ಸಾಹುಕಾರ ಬಸ್ಸಿನಲ್ಲಿ ಬರುತ್ತ, ನರಗುಂದದವರಷ್ಟು ಸಂಕುಚಿತ ಮನಸ್ಸಿನವರನ್ನು ತಾನು ಕಂಡೇ ಇಲ್ಲ ಎಂದ.

ಬಿಳಿ ಅರಿವೆ

ಮಿಲ್ಲಿನ ಅಂಗಡಿಯನ್ನು ಮುಚ್ಚಿಸಿದ್ದು ನಮ್ಮ ಮಂಡಳಿಯಲ್ಲ, ಅದರ ಮ್ಯಾನೇಜರನೇ.

ಪಂಚಮಿ ಹಬ್ಬ ಬಂತು. ಗಿರಾಕಿ ಹೆಂಗಸರಿಗೆ ಉಡಿ ತುಂಬಿದರೆ ಒಳ್ಳೆಯ ಹೆಸರು ಬರುತ್ತದೆ ಎಂದು ಯಾರೋ ಅವನಿಗೆ ಹೇಳಿದರು. ಉಡಿಗೆ ಏನೇನು ಹಾಕಬೇಕು ಎಂದು ಕೇಳಿದ. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಒಂದು ತುಂಡು ಅರಿವೆ ಎಂದರು. ಆ ಅರಿವೆ ಬಣ್ಣದ ಕುಪ್ಪಸದ ಖಣವಾಗಿರಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ನಮ್ಮಲ್ಲಿ ಅದನ್ನು ಹೇಳಿಸಿಕೊಳ್ಳಬೇಕಾದವರು ಇನ್ನೂ ಹುಟ್ಟಿರಲಿಲ್ಲ. ಅಂಗಡಿಯಲ್ಲಿ ಬಿಳಿ ಅರಿವೆಯ ಥಾನು ಬೇಕಾದಷ್ಟಿತ್ತು. ಅದನ್ನೇ ನೀಟಾಗಿ ತುಂಡು ಮಾಡಿಸಿ, ಬಂದ ಮುತ್ತೈದೆಯರ ಉಡಿಗೆಲ್ಲ ನಗುನಗುತ್ತ ತುಂಬಿಸಿದ.

ನಮ್ಮ ಕಡೆ ಬಿಳಿ ಅರಿವೆಯನ್ನು ಯಾರಿಗೆ ಹೊದಿಸುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವಾರ ಆ ಹೆಂಗಸರಲ್ಲಿ ಒಬ್ಬಳ ಗಂಡ ತೀರಿಕೊಂಡ. ಬಹಳ ಮುದುಕ, ಹಿಂದಿನ ಚಳಿಗಾಲದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ದವಾಖಾನೆಯವರು ಆಗಲೇ ಮನೆಗೆ ಒಯ್ಯಿರಿ ಎಂದಿದ್ದರು. ಇದೆಲ್ಲ ಊರಿಗೆ ಗೊತ್ತಿತ್ತು. ಆದರೂ ಮಿಲ್ಲಿನ ಅಂಗಡಿಯವನೇ ಕೊಂದ ಎಂದು ಊರು ತೀರ್ಮಾನಿಸಿತು. ಮರುದಿನದಿಂದ ಆ ಮೆಟ್ಟಿಲನ್ನು ಒಬ್ಬ ಹೆಂಗಸೂ ಹತ್ತಲಿಲ್ಲ. ಮ್ಯಾನೇಜರ ಸತ್ತವನ ಮನೆಗೆ ಸಮಾಧಾನ ಹೇಳಲು ಹೋದ. ಬರಿಗೈಯಲ್ಲಿ ಹೋಗಬಾರದೆಂದು ಗಂಡ ಸತ್ತ ಮುದುಕಿಗೆ ಒಂದು ಹೊಸ ಸೀರೆ ಒಯ್ದ. ಕೆಂಪು, ಜರದ ಅಂಚು. ಆ ಮನೆಯಿಂದ ಅವನು ಓಡಿಬಂದ ವೇಗವನ್ನು ಪೇಟೆಯವರು ಬಹಳ ದಿನ ನೆನೆದರು.

ಸುಗ್ಗಿಗೆ ಮುಂಚೆಯೇ ಅಂಗಡಿಗೆ ಬೀಗ ಬಿತ್ತು.

“ದೇವರ ನಮ್ಮ ಮಂಡಳಿ ಮೆಂಬರ ಆದ ನೋಡ್ರಿ,” ಎಂದ ಸಾಹುಕಾರ.

ಗೆಲುವು

ಡೊಳ್ಳು ಬಾರಿಸಿಕೊಂಡು ನೇಕಾರನ ಮನೆಗೆ ಹೋದೆವು. ಅವನ ಕೊರಳಿಗೊಂದು ಹಾರ, ಮಗ್ಗಕ್ಕೊಂದು ಹಾರ. ಮುಂದಿನ ಮದುವೆಗಳಿಗೆ ಬೇಕಾದ ಸೀರೆಯನ್ನು ಇವನ ಕೈಯಲ್ಲೇ ನೇಯಿಸುತ್ತೇನೆ ಎಂದು ಸಾಹುಕಾರ ಎಲ್ಲರೆದುರು ಸಾರಿದ. ನೇಕಾರನ ಹೆಂಡತಿ ಬಂದವರಿಗೆಲ್ಲ ಚುರುಮರಿ ಹಂಚಿದಳು. “ಇನ್ನ ಸೊಲ್ಲಾಪುರದ ಮಾತು ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ,” ಎಂದಳು.

ಮರುದಿನ ನೇಕಾರ ಸಾಹುಕಾರನ ಅಂಗಡಿಗೆ ನೂಲಿಗೆ ಬಂದ. ಊರಿನ ಮಗ್ಗಗಳಿಗೆಲ್ಲ ನೂಲು ತರಿಸಿ, ಬಣ್ಣ ಹಾಕಿಸಿ, ಲಡಿ ಕಟ್ಟಿ ಕೊಡುತ್ತಿದ್ದವನು ಸಾಹುಕಾರನೇ. ನಾನೂ ಅಲ್ಲಿ ಕೂತಿದ್ದೆ.

“ನೂಲಿಲ್ಲೋ,” ಎಂದ ಸಾಹುಕಾರ.

“ನಾಳೆ ಬರಲೇನ್ರಿ?”

“ನಾಳೆನೂ ಇಲ್ಲ.”

“ಸಂತಿ ದಿನ?”

“ಹುಬ್ಬಳ್ಳಿ ನೂಲಿನ ದಲಾಲ ಹೇಳಿ ಕಳಿಸ್ಯಾನ. ಗಜೇಂದ್ರಗಡದವರಿಗೆ ಒಂದ ಎಳಿ ನೂಲ ಸುದ್ದಾ ಕೊಡಬ್ಯಾಡಂತ ಅವನ ಮಾಲಕರು ಹುಕುಂ ಮಾಡ್ಯಾರಂತ.”

ನೇಕಾರ ನೂಲಿಗೆಂದು ತಂದಿದ್ದ ಚೀಲವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡ.

“ಹಾರ ವಾಪಸ್ ತಂದ ಕೊಡ್ಲೇನ್ರಿ ಸಾಹುಕಾರ್ರ? ಇನ್ನೂ ಬಾಡಿಲ್ಲ.”

ಮುಂದಿನ ಅಮಾವಾಸ್ಯೆಯೊಳಗೆ ಅವನು ಒಂದು ಗಂಟು ಹಿಡಿದು ಗದಗಿನ ಬಸ್ಸು ಹತ್ತಿದ. ಅಲ್ಲಿಂದ ಸೊಲ್ಲಾಪುರಕ್ಕೆ ರೈಲು. ಮಂಡಳಿಯ ಪರವಾಗಿ ಕಳಿಸಿಕೊಡಲು ನಾನು ಹೋಗಿದ್ದೆ. ಅಧ್ಯಕ್ಷರಿಗೆ ಕೆಲಸವಿತ್ತು. ಹೆಂಡತಿ ಬಸ್ಸಿನ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಬಸ್ಸು ತಿರುವು ದಾಟುವವರೆಗೂ ಅವನ ಕೆಮ್ಮು ಕೇಳಿಸುತ್ತಿತ್ತು.

ಅಲ್ಲಿಂದ ನೇರ ಸಾಹುಕಾರನ ಅಂಗಡಿಗೆ ಬಂದೆ.

“ನೂಲಿಗೆ ನಾವು ಹುಬ್ಬಳ್ಳಿಯವರ ಕಾಲು ಯಾಕ ಹಿಡೀಬೇಕ್ರಿ? ನಮ್ಮ ಎರಿ ಹೊಲದ ತುಂಬ ಹತ್ತಿ ಅದ.”

“ಹತ್ತಿ ಅದ್ರಿ ಮಾಸ್ತರ. ನೀವು ಓದಿದವರು, ಹತ್ತಿ ಉಡ್ತೀರೇನು? ಅದನ್ನ ಯಾರರೆ ನೂಲಬೇಕಲ್ಲ?”

“ಯಾರು ನೂಲತಾರ?”

ಸಾಹುಕಾರ ಹೇಳಿದ. ನಮ್ಮೂರ ಮಗ್ಗಗಳಿಗೆ ಬರುತ್ತಿದ್ದ ನೂಲೆಲ್ಲ ನಮ್ಮ ಪೇಟೆಯ ಅಂಗಡಿಗೆ ಬೀಗ ಹಾಕಿಕೊಂಡು ಹೋದ ಅದೇ ಮಿಲ್ಲಿನದು.