ವಿಮಾನದ ಗಾಜು ಒಡೆದ ನಾಟಿ ಹೇಂಟೆಯವರಿಗೆ

ಮಾನ್ಯ ಹಳದಿ ಹೇಂಟೆಯವರೇ,

ಷಿಯಾನ್ ನಗರದಾಚೆಯ ವಿಮಾನ ಕಾರ್ಖಾನೆಯಲ್ಲಿ ಚಾಲಕರ ಮುಂದಿನ ಗಾಜಿನ ವಿಭಾಗವನ್ನು ನೋಡಿಕೊಳ್ಳುವ, ಓದು ಹೆಚ್ಚಾಗಿ ಬುದ್ಧಿ ಕಡಿಮೆಯಾದ ಲಿಯಾವ್ ಹ್ವೈಜಿನ್ ಎಂಬ ನಾನು, ತಾವು ಈಗ ಯಾವ ಲೋಕದಲ್ಲಿದ್ದೀರೋ ಅತ್ತ ತಿರುಗಿ ಕೈಮುಗಿದು ಬಿನ್ನವಿಸಿಕೊಳ್ಳುವುದೇನೆಂದರೆ, ತಾವು ತೀರಿಕೊಂಡ ಮೇಲೆ ನಡೆದುಕೊಂಡ ರೀತಿ ನನಗೆ ಸ್ವಲ್ಪವೂ ಸರಿಬರಲಿಲ್ಲ.

ಮೊದಲು ಈ ಗಾಜು ಪರದೇಶದಿಂದ ಬರುತ್ತಿತ್ತು. ಅವರು ಯಾವತ್ತು ಕೈಕೊಡುತ್ತಾರೋ ಹೇಳಲಾಗದೆಂದು, ತಿರುಪಿನಿಂದ ಹಿಡಿದು ಎಲ್ಲವನ್ನೂ ಇಲ್ಲೇ ಮಾಡಬೇಕೆಂಬ ಅಪ್ಪಣೆಯಾಗಿ, ಗಾಜು ನನ್ನ ಕೊರಳಿಗೆ ಬಿತ್ತು. ಹಾರುವಾಗ ಹಕ್ಕಿ ಬಡಿದರೂ ಗಾಜು ತಡೆಯಬೇಕಷ್ಟೆ. ಅದಕ್ಕಾಗಿ ಸತ್ತ ಕೋಳಿಯೊಂದನ್ನು ಗಾಳಿಯ ಫಿರಂಗಿಗೆ ತುಂಬಿ, ವಿಮಾನದ ವೇಗದಲ್ಲಿ ಗಾಜಿಗೆ ಹೊಡೆದು ನೋಡುವುದು ನಮ್ಮಲ್ಲಿಯ ಪದ್ಧತಿ. ವರ್ಷಗಟ್ಟಲೆ ಒಡೆಯುತ್ತಲೇ ಬಂದ ನಮ್ಮ ಗಾಜು ಈ ವಸಂತದಲ್ಲಿ ಒಮ್ಮೆ ಒಡೆಯದೆ ನಿಂತುಬಿಟ್ಟಿತು.

ಆಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಂಪು ಬಟ್ಟೆಯ ಮೇಲೆ ದೊಡ್ಡಕ್ಷರ ಬರೆಸಿ ಬಾಗಿಲಿಗೆ ಕಟ್ಟಿಸಿದೆ. ಔತಣದಲ್ಲಿ ಜೋಳದ ಸಾರಾಯಿಯ ಬಟ್ಟಲೆತ್ತಿ, ಈ ಪರೀಕ್ಷೆಯಲ್ಲಿ ಕಡಲಾಚೆಯದು ಒಂದು ಗರಿಯೂ ಇಲ್ಲವೆಂದು ಭಾಷಣ ಬಿಗಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ನನ್ನಂಥವರನ್ನು ಕಂಡೇ ಹುಟ್ಟಿದ ಮಾತಿರಬೇಕು. ತಪಾಸಣೆಗೆ ಬಂದಿದ್ದ ನಿಂಗ್ ಮೇಡಂ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿ, "ಗರಿ ಅಂದ್ರಲ್ಲ ಲಿಯಾವ್, ಆ ಕೋಳಿ ಯಾವೂರಿಂದು?" ಎಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ. ವಿಚಾರಿಸಿದರೆ, ಆ ಬಿಳಿ ಫಾರಂ ಕೋಳಿಯ ಅಜ್ಜ ಅಜ್ಜಿ ಕಡಲಾಚೆಯಿಂದ ವಿಮಾನದಲ್ಲಿ ಬಂದವರು; ಆ ವಿಮಾನವೂ ನಮ್ಮದಲ್ಲ. ಪರದೇಶಿ ವಸ್ತು ಬಳಸಲಾಗಿದೆ, ನಾಟಿ ಕೋಳಿಯಲ್ಲಿ ಮತ್ತೊಮ್ಮೆ ಹೊಡೆಯತಕ್ಕದ್ದು ಎಂದು ಆಜ್ಞೆಯಾಯಿತು. ಈ ಸಲ ಒಡೆದರೆ ಮತ್ತೆ ಪರದೇಶದ ಗಾಜು ತರಿಸಿ ನಮ್ಮ ವಿಭಾಗಕ್ಕೆ ಬೀಗ ಹಾಕುವುದಾಗಿ ಮುಖ್ಯಸ್ಥ ತಾನ್ ಅವರು ಬಹಳ ಪ್ರೀತಿಯಿಂದ ತಿಳಿಸಿದರು.

ಹೀಗೆ ನಾನು ತಮ್ಮನ್ನು ಕೇಳಿಕೊಂಡು ನಮ್ಮ ಅತ್ತೆಯ ಹಿತ್ತಲಿಗೆ ಬಂದದ್ದು. ತಾವು ದಾಳಿಂಬೆ ಮರದ ಮೇಲಿದ್ದಿರಿ. "ದಿನಾ ಮೊಟ್ಟೆ ಇಡೋ ಕೋಳೀನ ಫಿರಂಗಿಗೆ ತುಂಬ್ತಾರಂತೆ! ಓದಿದೋರ ಬುದ್ಧಿಗಿಷ್ಟು!" ಎಂದು ಅತ್ತೆ ಪೊರಕೆ ಹಿಡಿದರು. ಅವರು ವಿಮಾನ ಹತ್ತಿದವರೇ ಅಲ್ಲ. ನಮ್ಮದೇ ವಿಮಾನ ಹಾರುವ ಮೊದಲ ದಿನ ಮುಂದಿನ ಸಾಲಿನಲ್ಲಿ ನಿಮ್ಮನ್ನೇ ಕೂರಿಸುತ್ತೇನೆ ಎಂದೆ. ಪೊರಕೆ ಕೆಳಗಿಳಿಯಿತು. "ತಗೊಂಡ್ಹೋಗು. ಗಾಜು ಒಡೆದ್ರೆ ಮಾತ್ರ ನನ್ ಕೋಳೀನ ಬೈಬೇಡ" ಎಂದು ಒಳಗೆ ಹೋದರು.

ತೂಕ ಅಷ್ಟೇ, ವೇಗ ಅಷ್ಟೇ. ಆದರೂ ಜೋಳದ ಕಾಳು ತಿಂದು, ಮೆಣಸಿನಕಾಯಿ ಸಿಪ್ಪೆ ಕೆದಕಿ, ಗೋಡೆ ಹಾರಿ ಬೆಳೆದ ತಾವು ಗಾಜನ್ನು ಸೀಳಿಕೊಂಡು ಹೋಗಿ ಚಾಲಕನ ಆಸನದಲ್ಲಿ ವಿರಾಜಮಾನರಾದಿರಿ. ಪರದೇಶಿ ವಸ್ತುವನ್ನು ಇಷ್ಟು ಸ್ಪಷ್ಟವಾಗಿ ಮೀರಿಸಿದ ಮೊದಲ ಸ್ವದೇಶಿ ವಸ್ತು ನಮ್ಮ ಕಾರ್ಖಾನೆಯಲ್ಲಿ ತಾವೊಬ್ಬರೇ. ನನ್ನ ಹೆಗಲ ಮೇಲಿದ್ದ ತಮ್ಮ ಗರಿಯೊಂದನ್ನು ತೆಗೆಯುತ್ತ ತಾನ್ ಅವರು, "ಲಿಯಾವ್, ಆ ಕೋಳಿಯಿಂದ್ಲೇ ಗಾಜು ಮಾಡಿದ್ರೆ ಆಗ್ತಿರ್ಲಿಲ್ವೇನಯ್ಯಾ?" ಎಂದರು. ಆದ್ದರಿಂದ ನನ್ನ ವಿನಮ್ರ ಕೋರಿಕೆ: ನಮ್ಮ ನಾಡಿನ ಬಾತು, ಕೊಕ್ಕರೆ ಮುಂತಾದ ತಮ್ಮ ಬಂಧುಗಳಿಗೆ, ನಮ್ಮ ವಿಮಾನ ಎದುರಾದಾಗ ಫಾರಂ ಕೋಳಿಯಷ್ಟು ಮೆತ್ತಗಾಗುವಂತೆ ಹೇಳಿಕಳಿಸಬೇಕು. ಅದಾಗದಿದ್ದರೆ, ಅಜ್ಜ ಅಜ್ಜಿ ಪರದೇಶದವರಾದ ಹಕ್ಕಿಗಳು ಮಾತ್ರ ನಮಗೆ ಬಡಿಯುವಂತೆ ಏರ್ಪಾಡು ಮಾಡಬೇಕು.

ಇಷ್ಟಕ್ಕೇ ಪತ್ರ ಮುಗಿಸುವವನಿದ್ದೆ. ಆದರೆ ಆ ಸಂಜೆ ಅತ್ತೆಯ ಮನೆಗೆ ಹೋದಾಗ ಅವರು ಹಿಟ್ಟು ನಾದುತ್ತಿದ್ದರು. ಒಡೆಯಿತು ಎಂದೆ. ಕೈ ನಿಂತಿತು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತರೆ, "ಸದ್ಯ, ನನ್ನ ಕೂರಿಸೋಕೆ ಮುಂಚೇನೇ ಒಡೀತಲ್ಲ" ಎಂದು ಮತ್ತೆ ನಾದತೊಡಗಿದರು.

ನನಗೆ ನಾಚಿಕೆಯಾಯಿತು, ಭಯವೂ ಆಯಿತು. ನಿಂಗ್ ಮೇಡಂ ಕೇಳದೆ ಹೋಗಿದ್ದರೆ, ಒಂದು ಮೆತ್ತನೆಯ ಕೋಳಿಯನ್ನು ನಂಬಿ, ಅದೇ ಗಾಜಿನ ಹಿಂದೆ ನಾನು ಆ ಮುದುಕಿಯನ್ನು ಕೂರಿಸಿಬಿಡುತ್ತಿದ್ದೆ. ಮರುದಿನ ಕೆಂಪು ಬಟ್ಟೆಯನ್ನು ನನ್ನ ಕೈಯಾರೆ ಬಿಚ್ಚಿ, ತಾನ್ ಅವರ ಮುಂದೆ ನಿಂತು ಇನ್ನೊಂದು ಅವಕಾಶ ಬೇಡಿದೆ. ಬೀಗದ ಆಜ್ಞೆಗೆ ಸಹಿ ಹಾಕಲು ತೆಗೆದಿದ್ದ ಪೆನ್ನನ್ನು ಅವರು ಜೇಬಿಗಿಟ್ಟು, "ಚಳಿಗಾಲದ ತನಕ ನೋಡೋಣ. ಕೋಳಿ ಮಾತ್ರ ನಿಮ್ಮತ್ತೆ ಮನೇದೇ ಇರ್ಲಿ" ಎಂದರು. ಆದಕಾರಣ ಮೇಲಿನ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಗಾಜಿನ ಮೇಲಿರುವ ದೂರು ಹಾಗೆಯೇ ಇದೆ.

ತಮ್ಮಿಂದ ಒಡೆಸಿಕೊಂಡ,
ತಮ್ಮ ವಿಶ್ವಾಸಿ,
ಲಿಯಾವ್ ಹ್ವೈಜಿನ್

ಮರೆತ ಮಾತು: ಮುಂದಿನ ಸರದಿ ತಮ್ಮ ತಂಗಿ ಚುಕ್ಕೆ ಹೇಂಟೆಯವರದು. ಮೈ ಸ್ವಲ್ಪ ಮೆತ್ತಗಾಗಲೆಂದು ಅವರಿಗೆ ಗುಟ್ಟಾಗಿ ಅಕ್ಕಿ ಗಂಜಿ ಕುಡಿಸುತ್ತಿದ್ದಾಗ ಅತ್ತೆಯ ಕೈಗೆ ಸಿಕ್ಕಿಬಿದ್ದೆ. ಈಗ ತಂಗಿಯವರಿಗೆ ಜೋಳದ ಕಾಳು, ನನಗೆ ಗಂಜಿ.