ಅನುಮತಿ ಪಡೆದೇ ಮೀನು ಹಿಡಿದೆ!

ನಾನು ಏನೇ ಮಾಡಿದರೂ ಕಾನೂನಿನ ಪ್ರಕಾರವೇ ಮಾಡುವವನು. ಖಾಲಿ ರಸ್ತೆಯಲ್ಲೂ ಇಂಡಿಕೇಟರ್ ಹಾಕಿಯೇ ತಿರುಗುತ್ತೇನೆ. ‘ಹುಲ್ಲಿನ ಮೇಲೆ ನಡೆಯಬಾರದು’ ಎಂದು ಪಾರ್ಕಿನಲ್ಲಿ ಬೋರ್ಡಿದ್ದರೆ, ಹುಲ್ಲು ಒಣಗಿ ಬರೀ ಮಣ್ಣಾಗಿದ್ದರೂ ಸುತ್ತು ಹಾಕಿಕೊಂಡೇ ಹೋಗುತ್ತೇನೆ. ಇಂಥ ಧರ್ಮರಾಯನಾದ ನಾನು ಹೋದ ಕಾರ್ತಿಕ ಮಾಸದಲ್ಲಿ, ತುಮಕೂರಿನ ನಮ್ಮ ಮನೆಯ ಹಾಲಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಘೋಷಿಸಿದೆ.

“ಇನ್ಮೇಲೆ ಭಾನುವಾರ ಭಾನುವಾರ ಮೀನು ಹಿಡಿಯೋಕೆ ಹೋಗ್ತೀನಿ! ಕದ್ದುಮುಚ್ಚಿ ಅಲ್ಲ, ಪರ್ಮಿಷನ್ ತಗೊಂಡು!”

ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಉಮಾಮಹೇಶ್ವರಿಯ ಕೈ ಅಲ್ಲೇ ನಿಂತಿತು.

“ಹಿಡಿದು? ತಿನ್ನೋರ್ಯಾರು?”

ಪ್ರಶ್ನೆ ನ್ಯಾಯವಾದದ್ದೇ. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆತನ. ಮೀನಿನ ಮಾತು ಹಾಗಿರಲಿ, ಮೊಟ್ಟೆ ಹಾಕಿದ ಕೇಕು ಕೂಡ ನಮ್ಮ ಹೊಸ್ತಿಲು ದಾಟಿಲ್ಲ. ಆದರೆ ನಾನು ಮೂರು ತಿಂಗಳಿಂದ ಯೂಟ್ಯೂಬಿನಲ್ಲಿ ದೇಶವಿದೇಶದ ಮಹನೀಯರು ಗಾಳ ಹಾಕುವುದನ್ನು ನೋಡಿ ನೋಡಿ ಪಳಗಿದ್ದೆ.

“ತಿನ್ನೋಕಲ್ಲ ಕಣೇ. ಹಿಡಿಯೋದು, ವಾಪಸ್ ನೀರಿಗೆ ಬಿಡೋದು. ಇದೊಂದು ಹಾಬಿ. ಬಿಪಿ ಇಳಿಯುತ್ತೆ.”

“ಬಿಡೋದಕ್ಕೆ ಹಿಡಿಯೋದ್ಯಾಕೆ? ಹಿಡೀದೇ ಇದ್ರೆ ಬಿಟ್ಟಂಗೇ ಅಲ್ವಾ?”

ಉತ್ತರ ಹುಡುಕಲು ನಾನು ಮತ್ತೆ ಯೂಟ್ಯೂಬನ್ನೇ ತೆರೆದೆ. ಆಕೆ ಅಷ್ಟಕ್ಕೇ ಬಿಡಲಿಲ್ಲ.

“ನೋಡ್ರೀ, ಕಡೇ ಕಾರ್ತಿಕ ಸೋಮವಾರದ ಪೂಜೆ ಅಪ್ಪಾಜಿ ಇಲ್ಲೇ ಮಾಡ್ಕೋತಾರೆ. ಅಷ್ಟರಲ್ಲಿ ಮೀನಿನ ವಾಸ್ನೆ ಏನಾದ್ರೂ ಮನೆಯೊಳಗೆ ಬಂತೋ, ನಾನೂ ಅವರ ಜೊತೆ ಹೆಬ್ಬೂರು ಬಸ್ ಹತ್ತೋಳೇ!”

ಇಲ್ಲಿ ನಮ್ಮ ಮಾವ ಚನ್ನವೀರಯ್ಯನವರ ವಿಷಯ ಹೇಳಲೇಬೇಕು. ಅವರಿರುವುದು ಹೆಬ್ಬೂರಿನಲ್ಲಿ. ಬಸ್ಸಿನಲ್ಲಿ ಕೂತು ಒಂದು ನಿದ್ದೆ ಮುಗಿಸುವುದರೊಳಗೆ ತುಮಕೂರು. ಆದರೂ ನಮ್ಮ ಮದುವೆಯಾದಾಗಿನಿಂದ ಒಂದು ರಾತ್ರಿಯೂ ಅವರು ನಮ್ಮ ಮನೆಯಲ್ಲಿ ಉಳಿದವರಲ್ಲ. ಮಧ್ಯಾಹ್ನ ಬರುವುದು, ಮಗಳನ್ನು ನೋಡುವುದು, ಸಂಜೆಯ ಬಸ್ಸು ಹಿಡಿಯುವುದು. ಯಾಕೆಂದು ಕೇಳಿದರೆ, “ನಿಮ್ ನಲ್ಲಿ ನೀರು ಲಿಂಗಪೂಜೆಗೆ ಆಗಲ್ಲ ಕಣವ್ವ, ಬರೀ ಔಷಧಿ ವಾಸ್ನೆ” ಎನ್ನುವುದು. ಅಪ್ಪ ನಾಲ್ಕು ದಿನ ತನ್ನ ಕೈಯಡುಗೆ ಉಂಡುಕೊಂಡು ಇರಬೇಕೆಂದು ಉಮಾ ಎಷ್ಟೋ ವರ್ಷಗಳಿಂದ ಆಸೆಪಟ್ಟವಳು. ಅದಕ್ಕೇ ಈ ಸಲ ಅಂಗಳದ ಸಂಪು ಖಾಲಿ ಮಾಡಿಸಿ, ಉಜ್ಜಿಸಿ, ಮಳೆನೀರು ತುಂಬಿಸಿ, ಫೋನಿನಲ್ಲಿ ಬೇಡಿಕೊಂಡು ಅವರನ್ನು ಒಪ್ಪಿಸಿದ್ದಳು. ಇದೆಲ್ಲ ಗೊತ್ತಿದ್ದೂ ನಾನು ಗಾಳ ಹಿಡಿದೆ ನೋಡಿ!

ಆನ್‌ಲೈನಿನಲ್ಲಿ ಆರ್ಡರ್ ಮಾಡಿದ್ದೆಲ್ಲ ಬಂತು. ಮಡಚುವ ಕೋಲು, ರೀಲು, ಅಗಲ ಅಂಚಿನ ಟೋಪಿ, ಹಿಡಿದ ಮೀನಿಗೆ ಉಸಿರು ಕಟ್ಟದಂತೆ ಬಕೆಟ್ಟಿನ ನೀರಿಗೆ ಗಾಳಿ ಊದುವ ಬ್ಯಾಟರಿ ಪಂಪು ಕೂಡ. ಬಾರದೇ ಇದ್ದದ್ದು ಒಂದೇ, ಅನುಮತಿ!

ಮೊದಲು ನಗರದೊಳಗಿನ ಒಂದು ಕೆರೆಗೆ ಹೋದೆ. ಕಾವಲುಗಾರ ನನ್ನ ಟೋಪಿಯನ್ನು ಗೌರವದಿಂದ ನೋಡಿ, “ವಾಕಿಂಗ್ ಮಾಡಂಗಿದ್ರೆ ಮಾಡಿ ಸಾರ್. ಆ ಕೋಲು ಮಾತ್ರ ಮಡ್ಚಿ” ಎಂದ. ಮಡಚಿದೆ. ಕುಣಿಗಲ್ ಕಡೆಯ ಇನ್ನೊಂದು ಕೆರೆಯ ಏರಿ ಹತ್ತಿದರೆ, ಬಲೆ ಒಣಗಿಸುತ್ತಿದ್ದವನೊಬ್ಬ ಅಡ್ಡ ಬಂದ.

“ಇದು ಸೊಸೈಟಿ ಕೆರೆ. ನೀವು ಮೆಂಬರ್ರಾ?”

“ನಾನು ಸೊಸೈಟಿ ಬ್ಯಾಂಕಿನ ಮ್ಯಾನೇಜರ್ರು!”

“ಹಂಗಾರೆ ಬ್ಯಾಂಕಲ್ಲೇ ಹಿಡ್ಕಳಿ.”

ವಾಪಸು ಬರುವ ದಾರಿಯಲ್ಲಿ ಒಂದು ದೇವಸ್ಥಾನದ ಕಲ್ಯಾಣಿ ಕಂಡಿತು. ಆಹಾ, ಮೊಳದುದ್ದದ ಮೀನುಗಳು! ಕಾವಲಿಲ್ಲ, ಬೋರ್ಡಿಲ್ಲ! ಕೋಲು ಬಿಚ್ಚಿದ್ದೇ ತಡ, ಮೆಟ್ಟಿಲ ಮೇಲೆ ಹೂ ಕಟ್ಟುತ್ತಿದ್ದ ಹನುಮಕ್ಕನೆಂಬ ಮುದುಕಿ ಎದ್ದು ನಿಂತಳು.

“ಏನ್ಲಾ ನೀನು! ದೇವ್ರ ಮೀನಿಗೆ ಗಾಳ ಹಾಕ್ತೀಯಾ? ಇವುಕ್ಕೆ ಪುರಿ ಹಾಕಿ ಕೈ ಮುಗಿಯೋದು ಕಣ್ಲಾ!”

ಕಡೆಗೆ ಆಕೆಯ ಹತ್ತಿರವೇ ಪುರಿ ಕೊಂಡು, ಎಲ್ಲ ಮೀನಿಗೂ ಹಾಕಿ, ತಪ್ಪಾಯಿತೆಂದು ಕೈ ಮುಗಿದು ಬಂದೆ. ಹಿಡಿಯಹೋದವನು ಊಟಕ್ಕಿಟ್ಟು ಬಂದ ಹಾಗಾಯಿತು.

ನನ್ನ ಸಂಕಟ ನೋಡಲಾರದೆ ನಮ್ಮ ಬ್ಯಾಂಕಿನ ಅಕೌಂಟೆಂಟ್ ಭೀಮರಾಜ್ ಮುಂದೆ ಬಂದ. ಮೀನು ಸಾರೆಂದರೆ ಪ್ರಾಣ ಬಿಡುವ ಮನುಷ್ಯ. ಗುಬ್ಬಿಯಾಚೆ, ಹಾಗಲವಾಡಿ ಕಡೆಯ ಕೆರೆಯೊಂದನ್ನು ಟೆಂಡರ್ ಹಿಡಿದಿದ್ದ ಪುಟ್ಟರಂಗಯ್ಯ ಅವನಿಗೆ ಪರಿಚಯ. ಶನಿವಾರ ಫೋನು ಹಚ್ಚಿಕೊಟ್ಟ.

“ಹಿಡೀರಿ ಸ್ವಾಮಿ, ಅದುಕ್ಕೇನಂತೆ. ತೂಕ ಹಾಕ್ಸಿ ತಗಂಡೋಗಿ” ಎಂದ ಪುಟ್ಟರಂಗಯ್ಯ.

“ತಗೊಂಡ್ ಹೋಗಲ್ಲ. ಹಿಡಿದು ವಾಪಸ್ ಬಿಡ್ತೀನಿ.”

ಪುಟ್ಟರಂಗಯ್ಯನ ದನಿ ಏರಿತು. “ಬಾಯಿ ತೂತು ಮಾಡಿ ನನ್ ಕೆರೆಗೇ ಬುಡ್ತೀರಾ? ಅದು ಹುಣ್ಣಾಗಿ ಬ್ಯಾರೆ ಮೀನಿಗೂ ಅಂಟ್ಕಂಡ್ರೆ? ಗಾಳ ಕಚ್ಚಿದ್ ಮೀನು ವಾಪಸ್ ಬರಂಗಿಲ್ಲ. ಇದೇ ನನ್ ಕಂಡೀಷನ್ನು.”

ನಾನು ತಕ್ಷಣ ಒಪ್ಪಿದೆ. ಯಾಕೆಂದರೆ, ನನಗೆ ಮೀನು ಬೀಳುತ್ತದೆಂದು ನನಗೇ ನಂಬಿಕೆಯಿರಲಿಲ್ಲ!

ಭಾನುವಾರ ಬೆಳಿಗ್ಗೆ ರಾಗಿಮುದ್ದೆಯೊಂದನ್ನು ಡಬ್ಬಿಗೆ ಹಾಕಿಕೊಳ್ಳುತ್ತಿದ್ದೆ. ಗಾಳಕ್ಕೆ ಸಿಕ್ಕಿಸಲು. ಉಮಾ ನೋಡಿದಳು.

“ಮುದ್ದೆ ಯಾಕ್ರೀ?”

“ಬುತ್ತಿ.”

“ಸಾರಿಲ್ದೆ?”

“ಡಯೆಟ್ಟು!”

“ಸಂಜೆ ಬಸ್ಸಿಗೆ ಅಪ್ಪಾಜಿ ಬರ್ತಾರೆ, ನೆನಪಿರ್ಲಿ” ಎಂದು ಎಚ್ಚರಿಸಿ ಕಳಿಸಿದಳು.

ಕೆರೆಯ ದಡದಲ್ಲಿ ಭೀಮರಾಜನ ಪಕ್ಕ ಕೂತು, ಮುದ್ದೆಯ ಗೋಲಿ ಸಿಕ್ಕಿಸಿ ಎಸೆದೆ. ಮಧ್ಯಾಹ್ನದವರೆಗೆ ಏನೂ ಇಲ್ಲ. ಬಿಪಿ ನಿಜಕ್ಕೂ ಇಳಿಯುತ್ತಿತ್ತು. ತೂಕಡಿಕೆ ಹತ್ತಿದ ಹೊತ್ತಿಗೆ ಕೋಲು ಬಿಲ್ಲಾಯಿತು! ರೀಲು ಕಿರ್ರೆಂದಿತು! ನಾನು “ಬಿಡೋ” ಎಂದರೆ ಅದು ಬಿಡಲೊಲ್ಲದು, ಭೀಮರಾಜ್ “ಬಿಡಬೇಡಿ ಸಾರ್” ಎಂದು ನನ್ನ ಸೊಂಟ ಹಿಡಿದು ಜಗ್ಗುತ್ತಿದ್ದಾನೆ! ಕೆಸರಿನಲ್ಲಿ ನಾವಿಬ್ಬರೂ ಮಗುಚಿ ಬಿದ್ದು ಎದ್ದಾಗ ದಡದಲ್ಲಿ ಒಂದು ಕಾಟ್ಲಾ ಮೀನು ಬೆಳ್ಳಗೆ ಹೊಳೆಯುತ್ತಿತ್ತು. ಎರಡು ಕೆಜಿಗೆ ಕಡಿಮೆಯಿಲ್ಲ.

“ಬಕೆಟ್ಟೇ ಬ್ಯಾಡ ಸಾರ್, ಚೀಲಕ್ಕೆ ಹಾಕಿ ಕೊಡಿ. ಇವತ್ತು ನಮ್ಮನೇಲಿ ಹಬ್ಬ” ಎಂದು ಭೀಮರಾಜ್ ಕೈ ಚಾಚಿದ.

ಕೊಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಕೆಟ್ಟಿನೊಳಗಿಂದ ಅದು ನನ್ನನ್ನೇ ನೋಡುತ್ತಿತ್ತು. ಉಮಾ ತೊಳಸಿದ ಮುದ್ದೆಯನ್ನು ನಂಬಿ ತಿನ್ನಲು ಬಂದ ಜೀವ. “ಕೊಡಲ್ಲ ಕಣಯ್ಯ” ಎಂದು, ತೂಕದ ದುಡ್ಡು ಕಟ್ಟಿ, ಬಕೆಟ್ಟನ್ನು ಕಾರಿಗೇರಿಸಿದೆ. ಗುಬ್ಬಿ ಬರುವವರೆಗೂ ಅವನು ಖಾಲಿ ಚೀಲವನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದ.

ದಾರಿಯ ಇನ್ನೊಂದು ಕೆರೆಗೆ ಬಿಟ್ಟುಬಿಡೋಣವೆಂದು ಕಾರು ನಿಲ್ಲಿಸಿದೆ. ಅಲ್ಲಿಯ ಕಾವಲಿನವನು ಬಕೆಟ್ಟಿಗೆ ಇಣುಕಿ, “ಯಾವ್ ಕೆರೆ ಮೀನೋ, ಏನ್ ಕಾಯ್ಲೇನೋ! ಬುಡಂಗಿಲ್ಲ. ಪರ್ಮಿಷನ್ ಐತಾ?” ಎಂದ.

ಹಿಡಿಯುವುದಕ್ಕೂ ಪರ್ಮಿಷನ್ನು, ಬಿಡುವುದಕ್ಕೂ ಪರ್ಮಿಷನ್ನು! ಬೇರೆ ಯಾರಾದರೂ ಆಗಿದ್ದರೆ ಮುಂದಿನ ತಿರುವಿನಲ್ಲಿ ಕದ್ದು ಸುರಿದು ಬರುತ್ತಿದ್ದರು. ನಾನು ಕಾನೂನಿನ ಮನುಷ್ಯನಲ್ಲವೇ? ಬಕೆಟ್ಟಿನ ಸಮೇತ ಮನೆಗೇ ಬಂದೆ.

ಉಮಾ ಅಪ್ಪನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ಬ್ಯಾಟರಿ ಪಂಪು ಕೊನೆಯುಸಿರು ಎಳೆಯುತ್ತಿತ್ತು. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಗೇಟಿನಾಚೆ ಆಟೋ ಸದ್ದು! ಇಡೀ ಮನೆಯಲ್ಲಿ ಅದನ್ನು ಉಳಿಸುವಷ್ಟು ನೀರಿದ್ದದ್ದು ಒಂದೇ ಕಡೆ. ಸಂಪಿನ ಮುಚ್ಚಳ ತೆಗೆದೆ, ಬಿಟ್ಟೆ, ಮುಚ್ಚಿದೆ.

“ಬನ್ನಿ ಮಾವ, ಬನ್ನಿ!”

“ಏನ್ ಅಳಿಯಂದ್ರೇ, ಮೈಯೆಲ್ಲಾ ಕೆಸರು?”

“ಗಾರ್ಡನಿಂಗು!” ಎಂದೆ. ನಮ್ಮ ಮನೆಯಲ್ಲಿರುವುದು ಒಂದೇ ಒಂದು ತುಳಸಿ ಗಿಡ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಮೀನನ್ನು ಮೇಲೆತ್ತಿ, ಸಾರು ಮಾಡಬಾರದೆಂದು ಆಣೆ ಹಾಕಿಸಿ, ಭೀಮರಾಜನ ಮನೆಯಲ್ಲಿದ್ದ ಹಳೆಯ ಅಕ್ವೇರಿಯಂ ತೊಟ್ಟಿಗೆ ಸಾಗಿಸುವುದೆಂದು ತೀರ್ಮಾನಿಸಿ ಮಲಗಿದೆ. ಬೆಳಕು ಹರಿಯುವ ಮುಂಚೆ ಅಂಗಳಕ್ಕೆ ಬಂದರೆ, ಆಗಲೇ ಮಾವನವರು ಸ್ನಾನ ಮುಗಿಸಿ, ಬಿಂದಿಗೆಗೆ ಹಗ್ಗ ಕಟ್ಟುತ್ತಿದ್ದಾರೆ! ನಾನು ಧುಮುಕಿ ಸಂಪಿನ ಮುಚ್ಚಳದ ಮೇಲೆ ಪದ್ಮಾಸನ ಹಾಕಿ ಕೂತೆ.

“ಒಸಿ ಏಳಿ ಅಳಿಯಂದ್ರೇ, ಪೂಜೆಗೆ ನೀರು ಸೇದ್ಕಬೇಕು.”

“ನಲ್ಲೀಲಿ ಬರುತ್ತೆ ಮಾವ!”

“ಮೋಟ್ರಲ್ಲಿ ಹತ್ತಿ, ಪೈಪಲ್ಲಿ ಇಳಿದಿದ್ದು ಬ್ಯಾಡ. ಕೈಯಾರೆ ಸೇದಿದ್ದೇ ಆಗ್ಬೇಕು.”

“ಧ್ಯಾನಕ್ಕೆ ಕೂತ್ಬಿಟ್ಟಿದೀನಿ ಮಾವ. ಮಧ್ಯ ಏಳಬಾರ್ದಂತೆ.”

ಅಳಿಯನಿಗೆ ಈಗಲಾದರೂ ಒಳ್ಳೆಯ ಬುದ್ಧಿ ಬಂತೆಂದು ಮಾವನವರ ಮುಖ ಅರಳಿತು. ಬಿಂದಿಗೆ ಇಟ್ಟುಕೊಂಡು ಕಾಯುತ್ತಾ ನಿಂತರು. ವಿಭೂತಿ ತಟ್ಟೆ ಹಿಡಿದು ಉಮಾ ಬಂದಳು.

“ಇದೇನ್ರೀ, ದೇವರ ಮನೆ ಬಿಟ್ಟು ಸಂಪಿನ ಮೇಲೆ?”

“ತಂಪಾಗಿದೆ.”

ಕೆಳಗಿನಿಂದ ‘ದಬ್’ ಎಂದಿತು.

“ಏನದು?”

“ನನ್ನ ಹೊಟ್ಟೆ. ರಾತ್ರಿ ಅವರೆಕಾಳು...”

‘ದಬ್! ದಬ್!’

ಉಮಾ ತಟ್ಟೆ ಕೆಳಗಿಟ್ಟಳು. “ಏಳ್ರೀ ಮೇಲೆ.” ಆ ದನಿಗೆ ನಾನು ಎದ್ದೆ. ನನ್ನ ಜಾಗದಲ್ಲಿ ನೀವಿದ್ದರೂ ಏಳುತ್ತಿದ್ದಿರಿ.

ಮುಚ್ಚಳ ತೆರೆಯಿತು. ಕಾಟ್ಲಾ ಮೇಲೆ ಬಂದು, ನಮ್ಮ ಮೂವರನ್ನೂ ನೋಡಿ, ಮುದ್ದೆಗಾಗಿ ಬಾಯಿ ತೆರೆಯಿತು.

ಉಮಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, “ಇಷ್ಟು ವರ್ಷ ಆದ್ಮೇಲೆ ಒಂದು ದಿನ ಉಳ್ಕೊಂಡಿದ್ರು ಕಣ್ರೀ” ಎಂದಳು. ನನಗೆ ಆ ಸಂಪಿನೊಳಗೇ ಇಳಿದು ಮುಚ್ಚಳ ಹಾಕಿಕೊಳ್ಳಬೇಕೆನ್ನಿಸಿತು.

ಮಾವನವರು ಮಾತ್ರ ಮಂಡಿಯೂರಿ ಬಗ್ಗಿ ನೋಡುತ್ತಿದ್ದರು.

“ಯಾವತ್ತು ಬಿಟ್ಟಿದ್ದು ಇದನ್ನ?”

“ನಿನ್ನೆ” ಎಂದೆ, ತಲೆ ತಗ್ಗಿಸಿ.

“ಥೂ ನಿಮ್ಮ! ಮದ್ವೆ ಆದ್ ವರ್ಷನೇ ಬಿಡೋಕೆ ಏನಾಗಿತ್ತು?” ಅವರ ಮುಖ ದೀಪ ಹಚ್ಚಿದಂತಿತ್ತು. “ನಮ್ ಬಾವೀಲಿ ನಮ್ ತಾತನ ಕಾಲ್ದಿಂದ ಮೀನವೆ. ಮೀನು ಬದುಕೋ ನೀರಾದ್ರೆ ಕಣ್ಮುಚ್ಕಂಡು ಕುಡೀಬೌದು, ಪೂಜೆಗೂ ಇಡ್ಬೌದು. ನಿಮ್ ನೀರ್‌ನಾಗೆ ಒಂದು ಜೀವ ಇಲ್ವಲ್ಲ ಅಂತ್ಲೇ ನಂಗೆ ಅಪನಂಬ್ಕೆ. ಇನ್ನೇನ್ ಬುಡವ್ವ, ಇಲ್ಲೇ ಇರ್ತೀನಿ.”

ಉಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಕ್ಷಣವೂ ತಡಮಾಡಲಿಲ್ಲ.

“ಅದಕ್ಕೇ ಅಪ್ಪಾಜಿ, ನಾನೇ ಇವರನ್ನ ಕಳ್ಸಿ ತರ್ಸಿದ್ದು!”

ನಾನು ಬಾಯಿ ತೆರೆದೆ. ಸಂಪಿನಲ್ಲಿ ಮೀನೂ ಬಾಯಿ ತೆರೆದಿತ್ತು.

“ಅದ್ಸರಿ, ತುಟಿಗೆ ಏನಾಗೈತೆ ಪಾಪ?” ಎಂದರು ಮಾವ.

“ಹುಟ್ಟು ಮಚ್ಚೆ ಮಾವ!”

ಕಾರ್ತಿಕ ಮುಗಿಯಿತು, ಸಂಕ್ರಾಂತಿಯೂ ಆಯಿತು. ಮಾವನವರು ಇಲ್ಲೇ ಇದ್ದಾರೆ. ಮೀನಿಗೆ ಗಂಗಮ್ಮನೆಂದು ಹೆಸರಿಟ್ಟಿದ್ದಾರೆ. ನನ್ನ ಆಮದು ಕೋಲಿನ ಮೇಲೆ ಅವರ ಪಂಚೆ ಒಣಗುತ್ತದೆ. ಉಮಾ ಹಾಡು ಗುನುಗುತ್ತಾ ಮುದ್ದೆ ತೊಳಸುತ್ತಾಳೆ, ಒಂದು ಹೆಚ್ಚಿಗೆ.

ಮೊನ್ನೆ ಭಾನುವಾರ ನನ್ನ ತಲೆಯೊಳಗೆ ಮಿಂಚು ಹೊಳೆಯಿತು. ಹುಚ್ಚನ ಹಾಗೆ ಊರೂರು ಅಲೆದೆನಲ್ಲ! ನೀರು ನನ್ನದು, ಮೀನು ನನ್ನದು, ಟೆಂಡರಿಲ್ಲ, ಕಾವಲಿಲ್ಲ. ಗಾಳವಿಲ್ಲದ ಬರೀ ದಾರಕ್ಕೆ ಮುದ್ದೆ ಕಟ್ಟಿ ಸುಮ್ಮನೆ ಆಡಿಸಿದರೆ ಯಾರಿಗೇನು ನಷ್ಟ? ಟೋಪಿ ಹಾಕಿಕೊಂಡು, ದಾರ ಹಿಡಿದು, ಸದ್ದಿಲ್ಲದೆ ಅಂಗಳಕ್ಕೆ ಹೋದೆ.

ಸಂಪಿನ ಮುಚ್ಚಳದ ಮೇಲೆ ಉಮಾಳ ಕೈಬರಹದಲ್ಲಿ, ಕೆಂಪು ಪೇಂಟು ಇನ್ನೂ ಹಸಿಹಸಿಯಾಗಿತ್ತು: ‘ಇಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ. ಅನುಮತಿಯನ್ನೂ ಕೇಳಬಾರದು.’

ನಾನು ಏನೇ ಮಾಡಿದರೂ ಕಾನೂನಿನ ಪ್ರಕಾರವೇ ಮಾಡುವವನು. ದಾರ ಬಿಚ್ಚಿದೆ, ಟೋಪಿ ತೆಗೆದೆ, ಗಂಗಮ್ಮನಿಗೆ ಮುದ್ದೆ ಹಾಕಿ ಕೈ ಮುಗಿದು ಬಂದೆ.