ಕಾಕಾನ ಒಗ್ಗಟ್ಟಿನ ಸಾರು

ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಈ ಮೂರೂ ಊರಿಗೆ ಶಾಂತಿ ಸಮಾನತೆ ತಂದೇ ತೀರುತ್ತೇನೆ ಎಂದು ಹೊರಟ ಮಹಾಪುರುಷರೊಬ್ಬರು ನಮ್ಮ ಮನೆಯಲ್ಲೇ ಇದ್ದರು ಎಂದರೆ ನಂಬುತ್ತೀರಾ? ನಂಬಬೇಡಿ, ನಾವೂ ನಂಬಿರಲಿಲ್ಲ! ಆದರೆ ಅವರು ನನ್ನ ಸ್ವಂತ ಕಾಕಾ. ಅಪ್ಪನ ತಮ್ಮ. ಮೂರು ಊರನ್ನು ಗೆಲ್ಲಲು ಹೋದ ಈ ಮನುಷ್ಯನಿಗೆ ಗೆಲ್ಲಲಾಗದೆ ಉಳಿದ ಒಂದೇ ಒಂದು ಜಾಗವಿತ್ತು. ಅದು ಕಾಕಿಯ ಅಡುಗೆಮನೆ.

ಕಾಕಾ ಬಸ್ ಡಿಪೋದಲ್ಲಿ ಗುಮಾಸ್ತರು. ಓಡಾಡಲು ಪಾಸು ಇತ್ತು. ಪಾಸು ಇದ್ದವರು ತೀರ್ಥಯಾತ್ರೆ ಮಾಡುತ್ತಾರೆ, ಬೀಗರ ಮನೆಗೆ ಹೋಗುತ್ತಾರೆ. ಕಾಕಾ ಸಭೆಗೆ ಹೋಗುತ್ತಿದ್ದರು. ಶಾಂತಿ ಸಭೆ, ಸಮತೆ ಸಭೆ, ಮಾನವ ಹಕ್ಕುಗಳ ಸಭೆ, ಯಾವುದಾದರೂ ಸರಿ. ಮೈಕು ಇದ್ದರೆ ಸಾಕು, ಮೈಕು ಇಲ್ಲದಿದ್ದರೂ ಸಾಕು! ಆಗ ನಾನು ಕಾಲೇಜಿನಲ್ಲಿದ್ದೆ. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಚಪ್ಪಾಳೆ ಶುರು ಮಾಡಲು ಒಬ್ಬರಾದರೂ ಬೇಕಲ್ಲ?

ಅವರ ಭಾಷಣದ ರೀತಿಯೇ ಬೇರೆ. ಕನ್ನಡದಲ್ಲಿ ಶುರು, ತೆಲುಗಿನಲ್ಲಿ ನಡುಭಾಗ, ಉರ್ದುವಿನಲ್ಲಿ ಮುಕ್ತಾಯ. ನಮ್ಮ ಕಡೆ ಎಲ್ಲರಿಗೂ ಮೂರೂ ಭಾಷೆ ಬರುತ್ತವೆ. ಹಾಗಾಗಿ ಯಾರಿಗೂ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮುಂದಿನ ಸಾಲಿನಲ್ಲಿ ಅವರ ಜೀವದ ಗೆಳೆಯ, ಡ್ರೈವರ್ ಸಾಯಪ್ಪ ಕುಳಿತಿರುತ್ತಿದ್ದರು. ಭಾಷಣ ಉದ್ದವಾಯಿತೆಂದರೆ ಸಾಯಪ್ಪ ಬಲಗಾಲು ಎತ್ತಿ ನೆಲದ ಮೇಲೆ ಜೋರಾಗಿ ಒತ್ತುತ್ತಿದ್ದರು. ಬ್ರೇಕು! ಕಾಕಾ ನೋಡಿಯೂ ನೋಡದಂತೆ ಮುಂದುವರಿಯುತ್ತಿದ್ದರು.

"ಸಾಬ್, ಎಷ್ಟ್ ಸಲ ಬ್ರೇಕ್ ಹೊಡದೆ, ಗಾಡಿ ನಿಲ್ಲಲೇ ಇಲ್ಲಲ್ಲರಿ!" ಎಂದು ಸಾಯಪ್ಪ ಆಮೇಲೆ ದೂರುವರು.

"ರಸ್ತಾ ಇಳಕಲು ಇತ್ತೋ ಸಾಯಪ್ಪ, ಏನ್ ಮಾಡಾಕ ಬರ್ತದ?" ಎನ್ನುವರು ಕಾಕಾ.

ತಾಂಡೂರಿನಲ್ಲಿ ಒಮ್ಮೆ ಹಬ್ಬದ ಮೆರವಣಿಗೆ ಯಾವ ಗಲ್ಲಿಯಿಂದ ಹೋಗಬೇಕೆಂದು ಎರಡು ಮೊಹಲ್ಲಾದವರಿಗೆ ಜಗಳ. ಶಾಂತಿ ಸಭೆ ಕರೆದರು. ಎರಡೂ ಕಡೆಯ ಹಿರಿಯರು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಕಾಕಾ ಎದ್ದರು. ಕನ್ನಡ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತು. ತೆಲುಗು ಮುಗಿಯುವಷ್ಟರಲ್ಲಿ ಇಬ್ಬರೂ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉರ್ದು ಶುರುವಾಯಿತು ನೋಡಿ, ಇಬ್ಬರೂ ಒಟ್ಟಿಗೆ ಎದ್ದು ಕೈ ಮುಗಿದರು. "ಬಸ್ ಕರೋ ಸಾಬ್, ಸಾಕು ಮಾಡ್ರಿ, ನಾವು ಒಂದಾಗೀವಿ!" ಮೆರವಣಿಗೆ ದೊಡ್ಡ ರಸ್ತೆಯಿಂದ ಹೋಗಲಿ ಎಂದು ಎರಡೇ ನಿಮಿಷದಲ್ಲಿ ತೀರ್ಮಾನವಾಯಿತು. ಶಾಂತಿ ತರಲು ಹೀಗೂ ಒಂದು ದಾರಿ ಇದೆ ಎಂದು ದೊಡ್ಡವರು ಯಾರೂ ಬರೆದಿಟ್ಟಿಲ್ಲ. ಬರೆಯಬೇಕಿತ್ತು.

ಕಾಕಾನ ಇನ್ನೊಂದು ಹುಚ್ಚು ಗ್ಲಾಸಿನದು. ಸಮಾನತೆಯ ಮೇಲೆ ಭಾಷಣ ಮಾಡಿದವರು, ಸಭೆ ಮುಗಿದ ಮೇಲೆ ಎಲ್ಲರೂ ಚಹಾ ಕುಡಿದ ಗ್ಲಾಸು ತೊಳೆಯಬೇಕು! ಇದು ಅವರ ಕಾನೂನು. ನಾರಾಯಣಖೇಡದ ಸಭೆಗೆ ಬಿಳಿ ಇಸ್ತ್ರಿ ಅಂಗಿಯ ಮುಖಂಡರೊಬ್ಬರು ಬಂದು ಎರಡು ತಾಸು ಮಾತಾಡಿದರು. ವೇದಿಕೆ ಇಳಿಯುತ್ತಿದ್ದಂತೆ ಕಾಕಾ ಅವರ ಮುಂದೆ ನೀರಿನ ಬಕೆಟ್ಟು, ಬೂದಿ, ತೆಂಗಿನ ನಾರು ತಂದಿಟ್ಟರು. ಪಾಪ, ಅವರು ಅಂಗಿಯ ತೋಳು ಏರಿಸಿ ಕುಳಿತರು. ಉಂಗುರ ಜಾರಿ ಬಕೆಟ್ಟಿನೊಳಗೆ ಬಿತ್ತು. ಮಾನವ ಹಕ್ಕುಗಳ ಸಭೆ ಪೂರ್ತಿ ಬಕೆಟ್ಟಿನ ಸುತ್ತ ಬಗ್ಗಿ ಉಂಗುರ ಹುಡುಕಿತು. ಅಂದಿನಿಂದ ಆ ಕಡೆಯ ಭಾಷಣಗಳೆಲ್ಲ ಐದು ನಿಮಿಷಕ್ಕೆ ಇಳಿದವು. ಗ್ಲಾಸು ತೊಳೆಯಲು ಅಂಜದ ಭಾಷಣಕಾರರು ಇಡೀ ಸೀಮೆಯಲ್ಲಿ ಕಾಕಾ ಒಬ್ಬರೇ. ಅದೇ ದೊಡ್ಡ ತೊಂದರೆ!

ಇಷ್ಟೆಲ್ಲ ಮಾಡುವ ಕಾಕಾ ಮನೆಗೆ ಬಂದರೆ ಬಾಲ ಮುದುರುತ್ತಿದ್ದರು. ಸಾಯಪ್ಪ ದಲಿತ ಕೇರಿಯವರು. ಅವರು ಬಂದರೆ ಕಾಕಿ ಚಹಾ ಕೊಡುತ್ತಿದ್ದಳು, ನಗುತ್ತ ಮಾತಾಡಿಸುತ್ತಿದ್ದಳು, ಆದರೆ ಹೊರಗಿನ ಕಟ್ಟೆಯ ಮೇಲೆ. ಒಳಗೆ ಕರೆದವಳಲ್ಲ. ಸಾಯಪ್ಪನ ಹೆಂಡತಿ ನರಸಮ್ಮ ಎಳ್ಳು ಹಚ್ಚಿದ ರೊಟ್ಟಿ ಕಳಿಸಿದರೆ ಅದು ಕಾಕಿಯ ಕೈ ದಾಟಿ ನೆಟ್ಟಗೆ ನಮ್ಮ ಎಮ್ಮೆಯ ಬಾಯಿಗೆ. ಕಾಕಾ ಬೇಡಿದರು, ಜಗಳಾಡಿದರು, ಒಂದು ವಾರ ಗೆಳೆಯನ ಜೊತೆ ಕಟ್ಟೆಯ ಮೇಲೆಯೇ ಊಟ ಮಾಡಿದರು. ಕಾಕಿ ತಾಟು ಅಲ್ಲಿಗೇ ತಂದಿಟ್ಟಳು!

"ನಿಮ್ ಸಭಾ ನಿಮಗ, ನನ್ ಒಲಿ ನನಗ. ನಾ ನಿಮ್ ಮೈಕಿನ್ಯಾಗ ಮಾತಾಡಾಕ ಬರ್ತೀನೇನು?" ಎನ್ನುತ್ತಿದ್ದಳು.

"ಒಂದ್ ದಿನ, ಒಂದೇ ದಿನ, ನಿಮ್ ಕಾಕಿ ನರಸಮ್ಮನ ಜೋಡಿ ಕುಂತು ಉಣ್ಣಲಿ ಮಗಳ. ಆಮ್ಯಾಲ ನಾ ಭಾಷಣಾನೇ ಬಿಡ್ತೀನಿ," ಎಂದು ಕಾಕಾ ನನ್ನ ಹತ್ತಿರ ಹೇಳುತ್ತಿದ್ದರು. ಅದನ್ನು ಹೇಳುವಾಗ ಮಾತ್ರ ಅವರ ದನಿ ಸಣ್ಣಗಾಗುತ್ತಿತ್ತು. ಈ ಆಸೆಗೆ ಊರೆಲ್ಲ ಬೆಂಬಲ ಕೊಡಬೇಕಿತ್ತು, ಭಾಷಣ ನಿಲ್ಲುತ್ತದೆ ಎನ್ನುವ ಕಾರಣಕ್ಕಾದರೂ!

ಅಷ್ಟರಲ್ಲಿ ಪ್ರತ್ಯೇಕ ರಾಜ್ಯದ ಚಳವಳಿ ಜೋರಾಯಿತು. ಮುಷ್ಕರ, ಬಸ್ಸೆಲ್ಲ ಡಿಪೋದಲ್ಲೇ. ಡಿಪೋದವರು 'ವಂಟಾ ವಾರ್ಪು' ಮಾಡುವುದೆಂದಾಯಿತು. ಅಂದರೆ ರಸ್ತೆಯ ನಡುವೆ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಎಲ್ಲರೂ ಸೇರಿ ಉಣ್ಣುವ ಚಳವಳಿ. ಸಿಬ್ಬಂದಿಯ ಮನೆಯ ಹೆಂಗಸರೆಲ್ಲ ಬರಬೇಕು. ಕಾಕಿಯೂ ಬಂದಳು, ಮನೆಯಿಂದ ನೀರು ಹೊತ್ತುಕೊಂಡು.

ಕಾಕಾನ ಸಂಭ್ರಮ ಕೇಳಬೇಡಿ! ಆದರೆ ಹೆದ್ದಾರಿಯ ಮೇಲೆ ನಿಂತು ನೋಡಿದರೆ ಅವರ ಮುಖ ಬಾಡಿತು. ನಮ್ಮ ರಾಜ್ಯ ನಮಗೆ ಬೇಕು ಎಂದು ಒಂದೇ ದನಿಯಲ್ಲಿ ಕೂಗುವವರ ಒಲೆಗಳು ಮಾತ್ರ ಬೇರೆ ಬೇರೆ. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಆಯಾ ಜಾತಿಯವರ ಒಲೆ ಆಯಾ ಕಡೆಗೆ ಸೇರಿಕೊಂಡಿತ್ತು. ನರಸಮ್ಮನ ಒಲೆ ಎಲ್ಲಕ್ಕಿಂತ ಆಚೆ, ಮೋರಿಯ ಬದಿಗೆ. ನಮ್ಮವರಿಗೆ ಇದೊಂದು ಕಲೆ ಯಾವ ಶಾಲೆಗೂ ಹೋಗದೆ ಬರುತ್ತದೆ.

ಕಾಕಾಗೆ ಸಿಟ್ಟು ನೆತ್ತಿಗೇರಿತು. ದೊಡ್ಡ ಹಂಡೆಯೊಂದನ್ನು ನಡುರಸ್ತೆಗೆ ಉರುಳಿಸಿಕೊಂಡು ಬಂದರು. "ಇವತ್ತ ಒಂದೇ ಹಂಡೆ, ಒಂದೇ ಸಾರು!" ಎಂದು ಕೂಗಿ, ಯಾರು ತಡೆದರೂ ಕೇಳದೆ ಒಲೆ ಒಲೆಗೆ ಹೋಗಿ ಪಾತ್ರೆ ಎತ್ತಿ ಸುರಿಯತೊಡಗಿದರು. ಉಗಿಗೆ ಕನ್ನಡಕ ಮಂಜಾಗಿತ್ತು. ಎಲ್ಲ ಪಾತ್ರೆಯಲ್ಲೂ ಬೇಳೆಸಾರೇ ಇದೆ ಎಂದುಕೊಂಡಿದ್ದರು. ಮೊದಲ ಪಾತ್ರೆಯಲ್ಲಿ ತಾಂಡೂರಿನ ತೊಗರಿ ಬೇಳೆಯ ಸಾರು ಇದ್ದದ್ದು ನಿಜ. ಎರಡನೆಯದರಲ್ಲಿ ಹುಣಸೆ ಹುಳಿ. ಮೂರನೆಯದು ಕಾಕಿ ಬೆಲ್ಲ ಹಾಕಿ ಮಾಡಿದ ಶಾವಿಗೆ ಪಾಯಸ! ನಾಲ್ಕನೆಯದು ಯಾರೋ ಕೈ ತೊಳೆಯಲು ಕಾಯಿಸಿದ ಬಿಸಿನೀರು!

ಸಾಯಪ್ಪ ದೂರದಿಂದ ಬಲಗಾಲು ಒತ್ತಿ ಒತ್ತಿ ಸೋತರು.

ಹಂಡೆಯೊಳಗೆ ಶಾವಿಗೆ ತೇಲಾಡಿತು. ಒಬ್ಬ ಕಂಡಕ್ಟರ್ ಒಂದು ಹನಿ ನಾಲಿಗೆಗೆ ಇಟ್ಟು, "ಇದು ತಿಂದ್ರ ರಾಜ್ಯ ಬರೂದಿಲ್ರಿ, ಡಾಕ್ಟರ್ ಬರ್ತಾನ," ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕಿ ಮಾತ್ರ ನಗಲಿಲ್ಲ. ಪಾಯಸ ಹೋದ ಸಿಟ್ಟು ಮುಖದ ಮೇಲೇ ಇತ್ತು.

ನಗು ನಿಂತ ಮೇಲೆ ಹಸಿವು ಶುರುವಾಯಿತು. ಪಾತ್ರೆಗಳೆಲ್ಲ ಹಂಡೆಗೆ ಬರಿದಾಗಿದ್ದವು, ಉಣ್ಣಲು ಉಳಿದದ್ದು ಏನು? ಮೋರಿಯ ಬದಿಯ ಒಲೆಗೆ ಕಾಕಾ ಇನ್ನೂ ಹೋಗಿರಲಿಲ್ಲ. ಅಲ್ಲಿಂದ ನರಸಮ್ಮ ಎದ್ದು ಬಂದರು. ಒಂದು ಬುಟ್ಟಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ. "ಎಲ್ಲಾರಿಗೂ ಆಗ್ತದರಿ, ಬೇಕಂತಲೇ ಭಾಳ ಮಾಡೀನಿ," ಎಂದು ನಡುವೆ ನಿಂತರು.

ಯಾರೂ ಕೈ ಚಾಚಲಿಲ್ಲ. ಒಬ್ಬರಿಗೆ ಉಪವಾಸ ನೆನಪಾಯಿತು. ಒಬ್ಬರಿಗೆ ಹೊಟ್ಟೆನೋವು. ಇನ್ನೊಬ್ಬರು ಫೋನು ಕಿವಿಗಿಟ್ಟು ಆಚೆ ಹೋದರು. ಸಾಯಪ್ಪ ತಲೆ ತಗ್ಗಿಸಿದರು. ನಾನು ಕಾಕಾನ ಕಡೆ ನೋಡಿದೆ. ಈಗ ಮಾತಾಡಬೇಕು, ಅಲ್ಲವೇ? ಮೂರು ಭಾಷೆ ಬರುತ್ತಿದ್ದ ಆ ಮನುಷ್ಯನಿಗೆ ಒಂದರಲ್ಲೂ ಮಾತು ಹೊರಡಲಿಲ್ಲ. ಕನ್ನಡಕ ಕೈಯಲ್ಲಿ ಹಿಡಿದು, ಕಣ್ಣು ತುಂಬಿಕೊಂಡು ಸುಮ್ಮನೆ ನಿಂತಿದ್ದರು. ನಾನು ಎರಡು ಹೆಜ್ಜೆ ಮುಂದಿಟ್ಟೆ. ನನಗಿಂತ ಮೊದಲು ಯಾರೋ ಹೋಗಿಯಾಗಿತ್ತು.

ಕಾಕಿ. ನೆಟ್ಟಗೆ ಹೋಗಿ ನರಸಮ್ಮನ ಮುಂದೆ ಕಾದ ಡಾಂಬರಿನ ಮೇಲೆ ಕುಳಿತಳು.

"ನೀನೂ ಕೂಡವ್ವ ನರಸಮ್ಮ. ಮೊದ್ಲ ನನಗ ಹಾಕು, ಹಸಿವ್ಯಾಗ್ಯದ. ಇವರ ಸಾರು ಉಂಡ ಸಾಯೂಕಿಂತ ನಿನ್ ರೊಟ್ಟಿ ಉಂಡ ಬದಕ್ತೀನಿ."

"ಪಲ್ಯ ಭಾಳ ಖಾರ ಅದರಿ ಅಕ್ಕಾ," ಎಂದರು ನರಸಮ್ಮ.

"ಇರಲಿ ಬಿಡು. ಇವರನ್ನ ಕಟ್ಕೊಂಡಾಕಿಗಿ ಖಾರ ಹೊಸಾದೇನು?"

ನರಸಮ್ಮ ನಗುತ್ತ ಪಕ್ಕದಲ್ಲಿ ಕುಳಿತರು. ಕಾಕಿ ಒಂದು ರೊಟ್ಟಿ ಮುಗಿಸಿ ಇನ್ನೊಂದು ಕೇಳಿದಳು. ಆಮೇಲೆ ನಾನು ಕುಳಿತೆ, ಕಂಡಕ್ಟರ್ ಕುಳಿತ, ಫೋನು ಹಿಡಿದವರ ಮಾತೂ ಮುಗಿಯಿತು. ಎಲ್ಲರೂ ಬಂದರು ಎಂದರೆ ಸುಳ್ಳಾಗುತ್ತದೆ. ಆದರೆ ಬುಟ್ಟಿ ಖಾಲಿಯಾಯಿತು.

ಮನೆಗೆ ಬಂದ ಮೇಲೆ ನಾನು ಕಾಕಿಯ ಬೆನ್ನು ಹತ್ತಿದೆ. "ಹ್ಯಾಂಗ ಕುಂತಿ ಕಾಕಿ? ಕಾಕಾನ ಭಾಷಣ ಕಡೀಗೂ ತಲಿಗಿ ಹತ್ತಿತೇನು?"

"ಭಾಷಣ ಯಾರ್ ಕೇಳ್ಯಾರ?" ಎಂದಳು. "ನಾ ಈ ಮನಿಗಿ ಸೊಸಿ ಆಗಿ ಬಂದ ಹೊಸದರಾಗ ರೊಟ್ಟಿ ಮಾಡಿದ್ದೆ. ಅರ್ಧ ಹಸೀ, ಅರ್ಧ ಸುಟ್ಟದ್ದು. ಮನಿ ತುಂಬ ಮಂದಿ. ಯಾರೂ ಮುಟ್ಟಲಿಲ್ಲ. ನಾ ಹಂಗೇ ಹಿಡ್ಕೊಂಡು ನಿಂತೀನಿ. ನಿಮ್ ಕಾಕಾ ಬಂದ್ರು, ನನ್ ಮುಂದ ಕುಂತ್ರು, ಅಷ್ಟೂ ಉಂಡ್ರು. ಒಂದ್ ಮಾತ ಆಡಲಿಲ್ಲ ನೋಡು. ಒಂದೂ ಮಾತು."

ಕಾಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇವತ್ತ ನರಸಮ್ಮ ನಿಂತಿದ್ದು ನನಗ ನೋಡಾಕ ಆಗಲಿಲ್ಲ ಮಗಳ. ಇಷ್ಟ್ ವರ್ಷ ಹ್ಯಾಂಗ ನೋಡ್ಕೋತ ಇದ್ನೋ, ಅದೇ ತಿಳೀವಲ್ದು."